ತಿರುಗಿ ಬಂದ ಅಂತರಗಂಗೆ

೧೯೮೮ರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ಇಯತ್ತೆ, ದಸರೆಯ ಸೂಟಿ ಆಗಷ್ಟೇ ಮುಗಿದಿತ್ತು. ಬಿಡು ಎಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ. ವಿಜಾಪುರದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಟೈರಿನ ಅಂಗಡಿ ಇತ್ತು. ಶಾಲೆಗೆ ಹೋಗುವಾಗ ಅಲ್ಲಿ ಲಾರಿಯ ಚಕ್ರ ಬಿಚ್ಚುವುದನ್ನು ನೋಡುತ್ತ ನಿಂತೆ. ಮರುದಿನವೂ ನಿಂತೆ. ಆಮೇಲೆ ಒಂದು ದಿನ ಮಾಲೀಕ, “ಸುಮ್ನ ನಿಂತ ಏನ ನೋಡ್ತೀಲೇ, ಹಿಡಿ ಇದನ್ನ” ಎಂದು ಕೈಗೆ ನಟ್ಟು ಬಿಚ್ಚುವ ಪಾನಾ ಕೊಟ್ಟ. ಹಿಡಿದೆ. ಇವತ್ತಿಗೂ ಬಿಟ್ಟಿಲ್ಲ.

ಲಾರಿಯ ಟೈರನ್ನು ರಿಂಗಿನಿಂದ ಬಿಡಿಸುವುದು ತಾಕತ್ತಿನ ಕೆಲಸವೆಂದು ಜನ ತಿಳಿಯುತ್ತಾರೆ. ತಾಕತ್ತು ಬೇಕು, ಆದರೆ ಅದಕ್ಕಿಂತ ಮೊದಲು ಟೈರು ಎಲ್ಲಿ ಸಡಿಲಾಗಲು ಒಪ್ಪುತ್ತದೆ ಎಂಬುದು ಕೈಗೆ ಗೊತ್ತಾಗಬೇಕು. ನನ್ನ ಕೈಗೆ ಗೊತ್ತಿದೆ. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಗೋವಾದ ಡಿಚೋಲಿಯಿಂದ ಜೆಟ್ಟಿಯವರೆಗೆ ಅದಿರು ಹೊತ್ತು ಓಡುವ ಟಿಪ್ಪರಿನವರನ್ನು ಕೇಳಿ ನೋಡಿ, ಅವರೂ ಇದನ್ನೇ ಹೇಳುತ್ತಾರೆ.

ಗೋವಾಕ್ಕೆ ಬಂದದ್ದು ೨೦೦೦ದಲ್ಲಿ. ಡಿಚೋಲಿಯಿಂದ ಸ್ವಲ್ಪ ಆಚೆ, ಗಣಿಯ ರಸ್ತೆಯ ಬದಿಗೆ ತಗಡಿನ ಒಂದು ಶೆಡ್ ಹಾಕಿ ಪಂಕ್ಚರ್ ಅಂಗಡಿ ತೆರೆದೆ. ಅದರ ಹಿಂದೆ ನಮ್ಮ ಕಡೆಯ ಜನರೇ ತುಂಬಿದ ಒಂದು ಚಾಳು. ಚಾಳಿನ ಹಿಂದೆ ಹೊಳೆ. ದೊಡ್ಡ ಹೊಳೆಯಲ್ಲ, ಮುಂದೆ ಹೋಗಿ ಮಾಂಡವಿಯನ್ನು ಸೇರುವ ಒಂದು ಸಣ್ಣ ಹೊಳೆ. ಅದಕ್ಕೆ ಇಳಿಯಲು ಯಾವ ಕಾಲದಲ್ಲೋ ಕೆಂಪು ಚಿರೆಕಲ್ಲಿನಿಂದ ಕಟ್ಟಿದ ಮೆಟ್ಟಿಲುಗಳಿದ್ದವು.

ನನ್ನ ಹೆಂಡತಿ ಆ ಮೆಟ್ಟಿಲುಗಳನ್ನು ನೋಡಿಯೇ ಗೋವಾದಲ್ಲಿ ನಿಂತವಳು. ಅವಳ ತವರೂರಿನಲ್ಲಿ ನೀರೆಂದರೆ ತಲೆಯ ಮೇಲಿನ ಕೊಡ ಮತ್ತು ಉದ್ದನೆಯ ದಾರಿ. ಮದುವೆಯಾಗಿ ಬರುವಾಗ ಒಂದೇ ಮಾತು ಕೇಳಿದ್ದಳು: “ಅಲ್ಲಿ ನೀರ ಎಷ್ಟ ದೂರ ಐತ್ರಿ?” “ಬಾಗಲಾ ತಗದ್ರ ಹೊಳಿ” ಎಂದಿದ್ದೆ. ನಂಬಿರಲಿಲ್ಲ. ಬಸ್ಸಿನಿಂದ ಇಳಿದು ಗಂಟು ಸಹಿತ ನೇರ ಹೊಳೆಗೇ ಹೋದಳು. ಕೊನೆಯ ಮೆಟ್ಟಿಲ ಮೇಲೆ ಕುಳಿತು ಕಾಲು ನೀರಿಗೆ ಬಿಟ್ಟಳು. ನಾನು ಹಿಂದೆ ನಿಂತು, “ಖೋಲಿ ನೋಡು ಬಾ” ಎಂದೆ.

“ಖೋಲಿ ಎಲ್ಲಿಗಿ ಓಡಿ ಹೊಕ್ಕೈತಿ? ಆಮ್ಯಾಗ ನೋಡೂಣು ತಗೋರಿ.”

ಅವತ್ತು ಸಂಜೆಯವರೆಗೆ ನಮ್ಮ ಖೋಲಿಯನ್ನು ಅವಳು ನೋಡಲೇ ಇಲ್ಲ.

ಚಾಳಿಗೆ ನಳ ಒಂದೇ ಇತ್ತು. ಅದು ಬಂದರೆ ಜಗಳವೂ ಬರುತ್ತಿತ್ತು. ಹೊಳೆಯಿದ್ದದ್ದರಿಂದ ಜಗಳ ನಗೆಯಲ್ಲೇ ಮುಗಿಯುತ್ತಿತ್ತು. ಹೆಂಗಸರು ಬಟ್ಟೆ ತೆಗೆದುಕೊಂಡು ಇಳಿದರೆಂದರೆ ಇಡೀ ಚಾಳಿನ ಸುದ್ದಿ ಆ ಮೆಟ್ಟಿಲುಗಳ ಮೇಲೆ ತೊಳೆದು ಹಿಂಡಿ ಒಣಗುತ್ತಿತ್ತು.

೨೦೦೪ರ ಮಳೆಗಾಲ ಕಳೆದ ಮೇಲೆ ಎಲ್ಲಿಂದಲೋ ನಾಲ್ಕೈದು ಗಿಡ ತೇಲಿ ಬಂದವು. ದಪ್ಪ ಹಸಿರೆಲೆ, ಉಬ್ಬಿದ ದಂಟು, ನಡುವೆ ತಿಳಿ ನೇರಳೆ ಬಣ್ಣದ ಹೂವಿನ ಗೊಂಚಲು. ನನ್ನ ಹೆಂಡತಿ ಒಂದು ಗೊಂಚಲು ಕಿತ್ತು ತಂದು ದೇವರ ಹಲಗೆಯ ಮೇಲಿಟ್ಟಳು. “ಅಂತರಗಂಗಿ ಅದು, ನಮ್ಮೂರ ಕೆರಿಯೊಳಗೂ ಇರತಿತ್ತು” ಎಂದಳು. ಚೆಂದ ಇತ್ತು, ಸುಳ್ಳು ಯಾಕೆ ಹೇಳಲಿ.

ಮರುವರ್ಷ ಆ ನಾಲ್ಕೈದು ಗಿಡ ಹೊಳೆಯನ್ನೇ ನುಂಗಿದವು. ಈ ದಂಡೆಯಿಂದ ಆ ದಂಡೆಗೆ ಹಸಿರು ಹಾಸು. ನೀರೇ ಕಾಣದು. ನಮ್ಮ ಚಾಳಿನಲ್ಲಿ ಒಬ್ಬ ಹಜಾಮ ಇದ್ದ, ಬಾಗಲಕೋಟೆ ಕಡೆಯವನು. ನನಗೆ ‘ಮಾವಾ’ ಎನ್ನುತ್ತಿದ್ದ, ನಾನು ಅವನಿಗೆ ‘ಅಳಿಯಾ’ ಎನ್ನುತ್ತಿದ್ದೆ. ಸಂಬಂಧ ಏನೂ ಇಲ್ಲ, ಬೈದಾಡಲು ಅನುಕೂಲ ಅಷ್ಟೇ. ಅವನ ಕೋಳಿ ಒಂದು ದಿನ ಆ ಹಾಸಿನ ಮೇಲೆ ಕಾಳು ಹುಡುಕುತ್ತ ಹೊಳೆಯ ನಟ್ಟನಡುವೆ ಹೋಗಿ ನಿಂತಿತು. ಅದನ್ನು ಕಂಡ ನಾಯಿ, ಗಟ್ಟಿ ನೆಲವೆಂದುಕೊಂಡು ಹಾರಿತು. ಕೋಳಿ ನಡೆದುಕೊಂಡು ಬಂತು, ನಾಯಿಯನ್ನು ಮಾತ್ರ ನಾವು ಹಗ್ಗ ಹಾಕಿ ಎಳೆದೆವು. ಆ ನಾಯಿ ಮುಂದೆ ಆ ಕೋಳಿಯ ಮುಖ ನೋಡಲಿಲ್ಲ.

ನಕ್ಕೆವು ನಿಜ. ಆದರೆ ಹಾಸಿನ ಕೆಳಗಿನ ನೀರು ಕಪ್ಪಾಗಿ ನಾರುತ್ತಿತ್ತು. ಮಳೆಗಾಲದಲ್ಲಿ ಗುಡ್ಡದ ಗಣಿಯಿಂದ ಬರುವ ಕೆಂಪು ರಾಡಿ, ಚಾಳಿನ ಗಟಾರು, ಚಹಾದಂಗಡಿಯ ಮುಸುರೆ, ಎಲ್ಲ ಅಲ್ಲಿಗೇ. ಬಟ್ಟೆ ಒಗೆದರೆ ಬಟ್ಟೆಯೇ ಮೈಲಿಗೆಯಾಗುವ ಹಾಗಾಯಿತು.

ದೀಪಾವಳಿಯ ಪಾಡ್ಯದ ದಿನ ನಾವು ಚಹಾದಂಗಡಿಯಲ್ಲಿ ಕುಳಿತಿದ್ದಾಗ ಆ ವಾರ್ಡಿನ ಪಂಚ ಬಂದ. ಪಂಚಾಯತಿಯ ಸದಸ್ಯನಿಗೆ ಇಲ್ಲಿ ಪಂಚ ಎನ್ನುತ್ತಾರೆ. ಕೆಟ್ಟವನಲ್ಲ, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನ ಮನುಷ್ಯ. ಅವನ ಮೋಟಾರ್ ಸೈಕಲಿನ ಹಿಂದೆ ಮುಳ್ಳುತಂತಿಯ ಒಂದು ಸುರುಳಿ ಕಟ್ಟಿತ್ತು. ಅದನ್ನು ಇಳಿಸಿ ಅಂಗಡಿಯ ಗೋಡೆಗೆ ಒರಗಿಸಿ ಹೇಳಿದ: ಕಾರ್ತಿಕದ ಹುಣ್ಣಿಮೆಗೆ ಊರ ಹೆಂಗಸರು ಅದೇ ಮೆಟ್ಟಿಲುಗಳಿಂದ ಹೊಳೆಗೆ ದೀಪ ಬಿಡುತ್ತಾರೆ. ಈ ಸಲ ದೀಪ ಬಿಡಲು ಅಂಗೈಯಗಲ ನೀರಿಲ್ಲ. ಹುಣ್ಣಿಮೆ ಮುಗಿದ ಮರುದಿನ ಮೆಟ್ಟಿಲಿಗೆ ತಂತಿ, ಒಂದು ಗೇಟು, ಗೇಟಿಗೆ ಬೀಗ. ಕೀಲಿ ಊರವರ ಕೈಯಲ್ಲಿ.

“ಮತ್ತ ನಾವು?” ಎಂದ ಹಜಾಮ.

“ಘಾಂಟಿ ಲೋಕ್ ಆಯ್ಲೆ, ಘಾಣ್ ಆಯ್ಲಿ” ಎಂದ ಪಂಚ. ಘಟ್ಟದ ಮೇಲಿನ ನಮ್ಮಂಥವರಿಗೆ ಇಲ್ಲಿ ಘಾಂಟಿ ಎನ್ನುತ್ತಾರೆ. ಘಾಂಟಿಗಳು ಬಂದರು, ಹೊಲಸು ಬಂತು, ಎಂದು ಅವನ ಮಾತು.

ನಾನು ಚಹಾದ ಲೋಟ ಕೆಳಗಿಟ್ಟೆ. ಎದ್ದು ನಿಂತು ಮೀಸೆಯ ಮೇಲೆ ಕೈ ಹಾಕಿದೆ. ಆಗ ನನ್ನ ಮೀಸೆಯೂ ಮೀಸೆಯೇ, ಎರಡೂ ಕಡೆ ಮೇಲಕ್ಕೆ ತಿರುವಿದ್ದು. “ಶೇಟ್, ಹುಣ್ಣಿಮಿಗೆ ಈ ಮೆಟ್ಟಲದಾಗ ನೀರ ಕಾಣಸ್ಲಿಲ್ಲಂದ್ರ ಇದನ್ನ ಬೋಳಸ್ತೀನಿ. ಕಂಡ್ತಂದ್ರ ನಿಮ್ಮ ತಂತಿ ನೀವು ತಿರುಗಿ ಒಯ್ಯಬೇಕು.” ಅವನಿಗೆ ಕನ್ನಡ ಪೂರ್ತಿ ಬರುತ್ತಿರಲಿಲ್ಲ, ಆದರೆ ಮೀಸೆ ತಿಳಿಯಿತು. ನಕ್ಕು, “ಜಾಯ್ತ್” ಎಂದ. ಆಗಲಿ ಎಂದರ್ಥ.

ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮೊದಲು ಬಂದು ಕುಳಿತಿತ್ತು. ಹೆಂಡತಿ ಟ್ರಂಕನ್ನು ಮಂಚದ ಕೆಳಗಿಂದ ಎಳೆದು ಧೂಳು ಹೊಡೆಯುತ್ತಿದ್ದಳು.

“ಏನ ಮಾಡಾಕತ್ತಿ?”

“ಧೂಳಾ ಹೊಡ್ಯಾಕತ್ತೇನ್ರಿ. ತಂತಿ ಬಿತ್ತಂದ್ರ ನಾ ಊರಿಗೆ ಹೊಂಟೆ. ಒಂದ ನಳದ ಮುಂದ ಕೊಡಾ ಹಿಡಕೊಂಡ ನಿಂದ್ರೂದು ಅಲ್ಲೇ ಇತ್ತು. ಅದಕ್ಕ ಗೋವಾ ಯಾಕ ಬೇಕು?”

“ಹುಣ್ಣಿಮಿತನಕ ತಡಿ. ನನ್ನ ಮೀಸಿ ಪಣಕ್ಕ ಇಟ್ಟ ಬಂದೇನಿ.”

“ಮೀಸಿ ನಿಮ್ಮದು, ಮತ್ತ ಬೆಳಿತೈತಿ. ಮೆಟ್ಟಲಾ ನಂದು” ಎಂದಳು. ಟ್ರಂಕನ್ನು ಒಳಗೆ ತಳ್ಳಲಿಲ್ಲ. ಅದು ಬಾಗಿಲ ಬಳಿಯೇ ಉಳಿಯಿತು. ನಾನು ಹೋಗುತ್ತ ಬರುತ್ತ ಅದನ್ನು ದಾಟಬೇಕು.

ಮುಂದಿನ ರವಿವಾರ ಚಾಳಿನ ಗಂಡಸರೆಲ್ಲ ಬಂದರು. ಟೈರಿನ ಅಂಗಡಿಯವನ ಹತ್ತಿರ ಏನಿಲ್ಲದಿದ್ದರೂ ಟ್ಯೂಬು ಇರುತ್ತವೆ. ಟಿಪ್ಪರಿನ ಹಳೆಯ ಟ್ಯೂಬುಗಳಿಗೆ ತೇಪೆ ಹಾಕಿ, ಹವಾ ತುಂಬಿ, ಹೊತ್ತು ಮೂಡುವ ಮೊದಲೇ ಹೊಳೆಯ ಅಂಚಿಗೆ ಉರುಳಿಸಿದೆವು. ಈಜು ಬರುವವರು ಟ್ಯೂಬಿನ ಮೇಲೆ ಹೊಟ್ಟೆ ಹಾಕಿ ಮಲಗಿದರು. ಬರದವರು ಎರಡು ಟ್ಯೂಬು ತೊಟ್ಟುಕೊಂಡರು. ಅವರನ್ನು ನೋಡಿದರೆ ದಂಡೆಯ ಹೆಂಗಸರಿಗೆ ನಗೆ ತಡೆಯಲಾಗದು. ಕುಡುಗೋಲಿನಿಂದ ಹಾಸನ್ನು ತುಂಡು ತುಂಡಾಗಿ ಕೊಯ್ದೆವು. ಅಂತರಗಂಗೆಯ ಬೇರು ನೀರೊಳಗೆ ಕುದುರೆಯ ಬಾಲದಂತೆ ಇಳಿದಿರುತ್ತದೆ, ಒಂದಕ್ಕೊಂದು ಹೆಣೆದಿರುತ್ತದೆ. ಒಂದು ತುಂಡು ಸಡಿಲಾದರೆ ಅದನ್ನು ಬಿದಿರಿನಿಂದ ನಡುಹೊಳೆಗೆ ತಳ್ಳುವುದು. ಹೊಳೆ ಅದನ್ನು ಮೆಲ್ಲಗೆ ಎತ್ತಿಕೊಂಡು ಕೆಳಗೆ, ಮಾಂಡವಿಯ ಕಡೆಗೆ ಒಯ್ಯುತ್ತಿತ್ತು. ಎಂಥ ಆನಂದ! ಒಂದೊಂದು ತುಂಡು ಹೋದಾಗಲೂ ದಂಡೆಯಿಂದ ಸಿಳ್ಳೆ.

ಬೆಳಗಿನ ಬಿಸಿಲು ಏರುವಷ್ಟರಲ್ಲಿ ಮೆಟ್ಟಿಲ ಮುಂದೆ ಅಂಗಳದಷ್ಟು ನೀರು ತೆರೆದಿತ್ತು. ಆಕಾಶ ಅದರಲ್ಲಿ ಕಂಡಿತು. ಹಜಾಮ ಆ ನೀರಿನಲ್ಲಿ ನನ್ನ ಮುಖ ತೋರಿಸಿ, “ನೋಡ ಮಾವಾ, ಮೀಸಿ ಉಳೀತು. ನನ್ನ ಗಿರಾಕಿ ಹೋತು” ಎಂದ. ಪಂಚನಿಗೆ ಒಂದು ಚಹಾ ಕಳಿಸಿದೆ; ಯಾರ ಕಡೆಯಿಂದ ಎಂದು ಕೇಳಿದರೆ ಮೀಸೆಯ ಕಡೆಯಿಂದ ಎನ್ನಬೇಕೆಂದು ಚಹಾದ ಹುಡುಗನಿಗೆ ಹೇಳಿದೆ.

ಮಧ್ಯಾಹ್ನ ಮೆಟ್ಟಿಲ ಪಕ್ಕದ ಮಾವಿನ ಮರದ ಕೆಳಗೆ ಊಟಕ್ಕೆ ಕುಳಿತೆವು. ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ. ನಾನು ಎರಡನೆಯ ರೊಟ್ಟಿ ಮುರಿಯುತ್ತಿದ್ದೆ. ನನ್ನ ಹೆಂಡತಿ ನೀರು ತರಲೆಂದು ಎದ್ದವಳು ಹಾಗೇ ನಿಂತಳು.

“ರೀ... ಅದು ಬರಾಕತ್ತೈತಿ.”

“ಯಾವುದು?”

“ಅದ ರೀ. ಹೋದದ್ದು.”

ತಿರುಗಿ ನೋಡಿದೆ. ಕೆಳಗಿನ ತಿರುವಿನಿಂದ ನಾವು ಕಳಿಸಿದ ತುಂಡುಗಳೆಲ್ಲ ಒಂದರ ಹಿಂದೊಂದು, ಏನನ್ನೋ ಮರೆತು ತಿರುಗಿ ಬಂದ ಮದುವೆಯ ದಿಬ್ಬಣದಂತೆ, ಸಾವಕಾಶವಾಗಿ ಮೇಲಕ್ಕೆ ಬರುತ್ತಿದ್ದವು. ಬರುವಾಗ ಕೈಬೀಸಿ ಬಂದಿರಲಿಲ್ಲ: ತೆಂಗಿನ ಸಿಪ್ಪೆ, ಒಂದು ಚಪ್ಪಲಿ, ಎಣ್ಣೆಯ ಡಬ್ಬ, ಯಾರದೋ ಹೊಳೆಯ ಕಸವನ್ನೂ ಕರೆದುಕೊಂಡು ಬಂದಿದ್ದವು. ನಮ್ಮ ಕಣ್ಣೆದುರೇ ಬಂದು ಮೆಟ್ಟಿಲ ಮುಂದಿನ ಆಕಾಶವನ್ನು ಮುಚ್ಚಿ ನಿಂತವು.

ಹಜಾಮ ಬಾಯಲ್ಲಿದ್ದ ತುತ್ತು ನುಂಗಿ, “ಮಾವಾ, ಕತ್ತಿ ಮಸೀಲೇನು?” ಎಂದ.

ಆಗ ಪಕ್ಕದ ಗದ್ದೆಯ ಬದುವಿನಿಂದ ಒಂದು ನಗೆ ಕೇಳಿತು. ಆ ಗದ್ದೆ ಊರಿನ ಒಬ್ಬ ಮುದುಕಿಯದು. ಎಲ್ಲರೂ ಅವಳಿಗೆ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾವೂ ಎನ್ನುತ್ತಿದ್ದೆವು. ಸೀರೆಯ ಕಚ್ಚೆ ಕಟ್ಟಿ ನಿಂತಿದ್ದ ಮಾವಶಿ ನಗುತ್ತ ನಗುತ್ತ ಬದುವಿನ ಮೇಲೆ ಕುಳಿತುಬಿಟ್ಟಳು. ಅವಳು ಮಾತಾಡುತ್ತಿದ್ದುದು ಕೊಂಕಣಿ, ನಡುನಡುವೆ ಹಿಂದಿ. ಇಲ್ಲಿ ಅದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

“ಏನ್ರಪಾ, ಹೊಳಿಗೆ ಕಸಾ ಕೊಟ್ಟಿದ್ರಿ? ತನಗ ಬ್ಯಾಡ ಅಂತ ತಿರುಗಿ ತಂದ ಕೊಟ್ಟತಿ.”

“ಹೊಳಿ ಹಿಂದ ಹೆಂಗ ಹರಿತೈತಿ ಮಾವಶಿ?” ಎಂದೆ.

“ಐದ ವರ್ಷದಿಂದ ಇಲ್ಲಿ ಅದಿ. ಇದು ದಿನಾ ಏರೂದು ಇಳಿಯೂದು ಕಂಡಿಲ್ಲೇನು?”

ಕಂಡಿದ್ದೆ. ಚಾಳಿನವರೆಲ್ಲ ಕಂಡಿದ್ದೆವು. ಕೆಲವು ಹೊತ್ತು ಮೆಟ್ಟಿಲು ಮುಳುಗುತ್ತವೆ, ಕೆಲವು ಹೊತ್ತು ತೆರೆಯುತ್ತವೆ. ಅದಕ್ಕೆ ನಮ್ಮ ನಮ್ಮಲ್ಲೇ ಒಂದು ಉತ್ತರವೂ ಇತ್ತು. ಹಜಾಮ ಅದನ್ನು ಮಾವಶಿಗೆ ಬಹಳ ತಿಳಿದವನಂತೆ ಹೇಳಿದ: “ಮ್ಯಾಲೆ ಎಲ್ಲೋ ಡ್ಯಾಮ್ ಐತಲ್ರಿ. ಗೇಟ್ ತಗೀತಾರ, ಹಾಕ್ತಾರ.”

ಮಾವಶಿಗೆ ಎರಡನೆಯ ಸಲ ನಗೆ ಬಂತು, ಮೊದಲನೆಯದಕ್ಕಿಂತ ಜೋರು. ಆದರೆ ನಮ್ಮದೇನು ತಪ್ಪು? ಕೃಷ್ಣೆ, ಡೋಣಿ, ಘಟಪ್ರಭೆ ನೋಡಿ ಬೆಳೆದವರು. ನಮ್ಮ ಕಡೆಯ ಹೊಳೆಗಳಿಗೆ ಮುಂದೆ ಹೋಗುವುದು ಮಾತ್ರ ಗೊತ್ತು. ನೀರು ಏರಿತೆಂದರೆ ಗೇಟು ತೆಗೆದರು ಎಂದೇ ನಮ್ಮ ಲೆಕ್ಕ. ಸಮುದ್ರ ಇಷ್ಟು ದೂರದಿಂದ ಉಬ್ಬಿ, ಹೊಳೆಯನ್ನು ಹಿಂದಕ್ಕೆ ದೂಡಿಕೊಂಡು, ನಮ್ಮ ಚಾಳಿನ ಬಾಗಿಲಿಗೆ ಬಂದು ಹೋಗುತ್ತದೆಂದು ಟೈರಿನವನಿಗೆ ಹೇಗೆ ತಿಳಿಯಬೇಕು? ಏರುವುದಕ್ಕೆ ಭರತಿ, ಇಳಿಯುವುದಕ್ಕೆ ಸುಕತಿ ಎಂದು ಮಾವಶಿ ಬೆರಳು ಮೇಲೆ ಕೆಳಗೆ ಮಾಡಿ ತೋರಿಸಿದಳು. ಹುಣ್ಣಿಮೆ ಹತ್ತಿರ ಬಂದಂತೆ ಭರತಿ ಇನ್ನೂ ದೊಡ್ಡದಾಗುತ್ತದೆ ಎಂದಳು.

ಅವತ್ತು ಸಂಜೆ ನಾನು ಆ ಮೆಟ್ಟಿಲಲ್ಲೇ ಕುಳಿತೆ. ಹೆಂಡತಿಯೂ ಬಂದು ಕುಳಿತಳು. ಇಬ್ಬರೂ ಹಸಿರನ್ನೇ ನೋಡುತ್ತಿದ್ದೆವು. ಮನಸ್ಸಿನಲ್ಲಿ ಟ್ರಂಕು. ಆಗ ನನಗೆ ಹೊಳೆಯಿತು: ತಾನಾಗಿ ತಿರುಗಿ ಬರುವುದನ್ನು ಅಟ್ಟಿಸಿ ಯಾಕೆ ಕಳಿಸಬೇಕು? ಬರಲಿ. ಬಂದ ಕೂಡಲೇ ಹಿಡಿದು ದಂಡೆಗೆ ಎಳೆದುಹಾಕಬೇಕು. ಹೊಳೆಗೆ ಅಡ್ಡಲಾಗಿ ಓರೆಯಾಗಿ ಒಂದು ಹಗ್ಗ, ಹಗ್ಗಕ್ಕೆ ಸಾಲಾಗಿ ಟ್ಯೂಬು. ಭರತಿ ಕಸವನ್ನು ತಂದು ಅದಕ್ಕೆ ಒತ್ತುತ್ತದೆ. ಓರೆ ಇರುವುದರಿಂದ ಅದು ಜಾರಿ ಜಾರಿ ಮೆಟ್ಟಿಲ ಮಗ್ಗುಲಿಗೇ ಬರುತ್ತದೆ. ದೂಡುವ ಕೆಲಸ ಸಮುದ್ರದ್ದು, ಎಳೆಯುವುದು ಮಾತ್ರ ನಮ್ಮದು.

“ಆಚಿ ದಂಡಿಗೆ ಹಗ್ಗ ಒಯ್ಯಾಕ ದೋಣಿ ಬೇಕಲ್ಲ?” ಎಂದಳು ಅವಳು. “ಮತ್ತ ಅಷ್ಟ ಕಸಾ ಎಲ್ಲಿ ಒಟ್ಟತೀರಿ? ಇಲ್ಲೇ ಬಿಟ್ರ ಮಳಿಗೆ ಮತ್ತ ಹೊಳಿಗೇ.”

ದೋಣಿಯೂ ಮಾವಶಿಯದು, ಪಕ್ಕದ ಜಾಗವೂ ಮಾವಶಿಯದು. ಸುಮ್ಮನೆ ಕೊಡಿ ಎಂದು ಕೇಳುವುದು ನನ್ನಿಂದ ಆಗದು. ಬೇಡುವ ಕೈಯಲ್ಲ ಇದು. ನಾನು ಮುಖ ಗಂಟು ಹಾಕಿ ಕುಳಿತದ್ದನ್ನು ನೋಡಿ ಹೆಂಡತಿ ಗದ್ದೆಯ ಕಡೆ ಗಲ್ಲ ತೋರಿಸಿದಳು. ಭತ್ತ ಹಣ್ಣಾಗಿ ಬಾಗಿ ನಿಂತಿತ್ತು. ಕೊಯ್ಯಲು ಮಾವಶಿಗೆ ಆಳಿರಲಿಲ್ಲ. ಊರಿನ ಗಂಡಸರೆಲ್ಲ ಗಣಿಗೆ, ಟ್ರಕ್ಕಿಗೆ ಹೋಗುವವರು.

“ಮುಯ್ಯಾಳ ಮಾಡೂಣಲ್ರಿ” ಎಂದಳು.

ಮುಯ್ಯಾಳು ನಮ್ಮ ಕಡೆಯ ಹಳೆಯ ಪದ್ಧತಿ. ಇಂದು ನಿನ್ನ ಹೊಲದಲ್ಲಿ ನಮ್ಮ ಮನೆಯವರೆಲ್ಲ ದುಡಿಯುತ್ತಾರೆ. ನಾಳೆ ನಮ್ಮ ಹೊಲಕ್ಕೆ ನಿಮ್ಮ ಮನೆಯವರೆಲ್ಲ ಬರಬೇಕು. ಕೂಲಿಯಿಲ್ಲ, ಉಪಕಾರವೂ ಇಲ್ಲ. ಯಾರ ಕೆಲಸವೋ ಅವರ ಮನೆಯ ಊಟ. ಮುಯ್ಯಿ ತೀರಿಸದವನಿಗೆ ಊರಲ್ಲಿ ತಲೆ ಎತ್ತಲು ಆಗುವುದಿಲ್ಲ. ಇಲ್ಲಿಗೆ ಬಂದು ಎಲ್ಲವೂ ಹಾಜರಿ, ಪಗಾರ ಆದ ಮೇಲೆ ನಾನು ಆ ಶಬ್ದವನ್ನೇ ಮರೆತಿದ್ದೆ.

ಮರುದಿನ ಇಬ್ಬರೂ ಹೋಗಿ ಮಾವಶಿಗೆ ಹೇಳಿದೆವು. ಅರ್ಧ ಹೇಳುವಷ್ಟರಲ್ಲಿ ಅವಳು ಕೈ ಎತ್ತಿದಳು. “ತಿಳೀತು. ನನ್ನ ತವರಮನ್ಯಾಗೂ ಹಂಗ ಇತ್ತು. ನೀವು ಭತ್ತಾ ಕೊಯ್ರಿ, ನನ್ನ ಮನಿಯವರು ಹೊಳಿಗೆ ಇಳೀತಾರ. ದೋಣಿ ಒಯ್ರಿ. ಕಸಾ ನನ್ನ ತೆಂಗಿನ ಬುಡಕ್ಕ ಒಟ್ರಿ.”

ಜೋಳ ಕೊಯ್ದ ಕೈಗಳಿಗೆ ಭತ್ತ ಹೊಸದು. ಕೆಸರೂ ಹೊಸದು. ಹಜಾಮ ಮೊದಲ ಹೆಜ್ಜೆಗೇ ಮೊಣಕಾಲವರೆಗೆ ಹೂತು, “ಮಾವಾ, ನನ್ನ ಇಲ್ಲೇ ನಾಟೀ ಮಾಡಿ ಹೋಗ್ರಿ, ಮುಂದಿನ ವರ್ಷ ನಾಕ ಹಜಾಮ್ರು ಹುಟ್ಟತಾರ” ಎಂದ. ಹೆಂಗಸರು ಮಾತ್ರ ಬೇಗ ಕಲಿತರು. ನನ್ನ ಹೆಂಡತಿ ಮುಂದಿನ ಸಾಲಿನಲ್ಲಿ, ಅವಳ ಹಿಂದೆ ಉಳಿದವರು, ಹಾಡು ಹೇಳುತ್ತ ಹೊರಟರೆ ಕುಡುಗೋಲಿನ ಸದ್ದೇ ತಾಳ. ಪಾಳಿ ಮುಗಿಸಿ ಬಂದ ಗಂಡಸರು ಸ್ನಾನವನ್ನೂ ಮಾಡದೆ ನೇರ ಗದ್ದೆಗೆ ಬರುತ್ತಿದ್ದರು. ಗದ್ದೆಯ ನಡುವೆ ಒಂದು ಸಣ್ಣ ಬದು ಬಂತು. ಅದನ್ನು ದಾಟಿಯೂ ಭತ್ತ ಹಾಗೇ ನಿಂತಿತ್ತು. ಮಾವಶಿ ನೋಡುತ್ತಿದ್ದಳು; ನಿಲ್ಲಿ ಎನ್ನಲಿಲ್ಲ. ನಾವೂ ಕೇಳಲಿಲ್ಲ, ಕೊಯ್ದುಕೊಂಡೇ ಹೋದೆವು. ಅವಳ ಮನೆಯ ಊಟ, ಕುಚ್ಚಲಕ್ಕಿ ಅನ್ನ, ಹುಮಣ ಎನ್ನುವ ಮೀನಿನ ಸಾರು. ನಮ್ಮಲ್ಲಿ ಮೀನು ತಿನ್ನದವರಿಗೆ ತೊಂಡಾಕ ಎನ್ನುವ ಅಲಸಂದೆಯ ಗಸಿ. ತಿನ್ನದವರು ಎಂದು ಹೇಳಿದ ಕೆಲವರು ಎರಡನೆಯ ದಿನ ತಿನ್ನುವವರ ಸಾಲಿನಲ್ಲಿ ಕುಳಿತದ್ದನ್ನು ನಾನು ಕಂಡಿದ್ದೇನೆ, ಯಾರೆಂದು ಬರೆಯುವುದಿಲ್ಲ.

ಭತ್ತ ಕಣಜ ಸೇರಿತು. ಹುಣ್ಣಿಮೆಗೆ ಇನ್ನು ಸ್ವಲ್ಪ ದಿನ. ಈಗ ಮುಯ್ಯಿ ತೀರಿಸುವ ಸರದಿ ಮಾವಶಿಯ ಮನೆಯದು.

ಬೆಳಿಗ್ಗೆ ನಾವು ಹಗ್ಗ ಕಟ್ಟಿ ಮುಗಿಸುವಷ್ಟರಲ್ಲಿ ಮಾವಶಿ ತನ್ನ ಮಗ, ಸೊಸೆ, ಮೈದುನ ಎಲ್ಲರನ್ನೂ ಕರೆದುಕೊಂಡು ಬಂದಳು. ಹಿಂದೆ ಬಿಳಿ ಪ್ಯಾಂಟು. ಪಂಚ! ಅವನು ಅವಳ ಮೈದುನನ ಮಗನೆಂದು ನಮಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವನು ತಮಾಷೆ ನೋಡಲು ಬಂದಿದ್ದ. ಮಾವಿನ ಮರದ ನೆರಳಿನಲ್ಲಿ ಕೈ ಕಟ್ಟಿ ನಿಂತ.

ಮಾವಶಿ ಅವನ ಕಡೆ ತಿರುಗಿದಳು. “ನೀ ಯಾಕ ನಿಂತಿ? ಇಳಿ ನೀರಿಗೆ.”

“ನಾನಾ?”

“ಬದುವಿನ ಆಚಿ ಗದ್ದಿ ಯಾರದು? ನಿಮ್ಮಪ್ಪಂದು. ಅದರ ಭತ್ತಾ ಯಾರ ಕೊಯ್ದ್ರು? ಇವ್ರು. ನಿನ್ನೆ ರಾತ್ರಿ ಆ ಕಣಜಾ ನೋಡಿ ಖುಷಿ ಪಟ್ಟಿಯಲ್ಲ? ಈಗ ಮುಯ್ಯಿ ತೀರ್ಸು. ಇಲ್ಲಾಂದ್ರ ಊರಾಗ ಹೇಳ್ತೀನಿ, ಪಂಚ ಘಾಂಟಿ ಮಂದೀ ದುಡಿಮಿ ಸುಮ್ನ ತಿಂದ ಅಂತ.”

ಆ ಮುದುಕಿ ಬದುವಿನ ಬಳಿ ಸುಮ್ಮನಿದ್ದದ್ದು ಯಾಕೆಂದು ಆಗ ನನಗೆ ತಿಳಿಯಿತು. ಪಂಚ ಅತ್ತ ಇತ್ತ ನೋಡಿದ. ಅವನ ಅಪ್ಪ ಆಗಲೇ ಸೊಂಟದುದ್ದ ನೀರಿನಲ್ಲಿದ್ದ. ಪಂಚ ಬಗ್ಗಿ ಪ್ಯಾಂಟಿನ ಅಂಚನ್ನು ಮಡಚಲು ಸುರು ಮಾಡಿದ. ಒಂದು ಮಡಿಕೆ, ಎರಡು ಮಡಿಕೆ, ಮೂರು. ದಂಡೆಯ ಹೆಂಗಸರು, ಅವರ ಕಡೆಯವರೂ ನಮ್ಮ ಕಡೆಯವರೂ ಸೇರಿ, ಬಾಯಿಗೆ ಸೆರಗು ಇಟ್ಟುಕೊಂಡರು. ಅವನು ಇಳಿದ. ನೀರಿನಂಚಿನ ಮೆಟ್ಟಿಲಿನಲ್ಲಿ ಪಾಚಿ ಇತ್ತು. ಮಡಿಕೆಗಳೆಲ್ಲ ದಂಡವಾದವು, ಪಂಚ ಇಡಿಯಾಗಿಯೇ ಹೊಳೆಗೆ ಹೋದ.

ಮೇಲೆ ಬಂದಾಗ ತಲೆಯ ಮೇಲೆ ಒಂದು ಅಂತರಗಂಗೆ, ಹೂವು ಸಹಿತ. ಮೊದಲು ನಕ್ಕವನು ಅವನೇ. ನಾನು ಒಂದು ಟ್ಯೂಬು ಅವನ ಕಡೆ ಉರುಳಿಸಿ, “ತಗೋರಿ ಶೇಟ್, ಹವಾ ಚಲೋ ಐತಿ” ಎಂದೆ.

ಭರತಿ ಬಂತು. ಮಾವಶಿ ಹೇಳಿದಂತೆ ದಿನದಿಂದ ದಿನಕ್ಕೆ ದೊಡ್ಡದಾಗಿ ಬಂತು. ಹಸಿರು ಹಾಸು ಟ್ಯೂಬಿನ ಸಾಲಿಗೆ ಒತ್ತಿ, ಜಾರಿ, ತಾನಾಗಿ ನಮ್ಮ ಕೈಗೆ ಬರುತ್ತಿತ್ತು. ಕೆಳಗಿನವರು ದಂತಾಳೆಯಿಂದ ಎಳೆದು ಕೊಡುವುದು, ಮೆಟ್ಟಿಲ ಮೇಲಿನವರು ಕೈಯಿಂದ ಕೈಗೆ ದಾಟಿಸುವುದು, ಮೇಲೆ ಬುಟ್ಟಿ ಹೊತ್ತವರು ತೆಂಗಿನ ಬುಡಕ್ಕೆ ಒಟ್ಟುವುದು. ಆ ಸಾಲಿನಲ್ಲಿ ಒಬ್ಬ ಕನ್ನಡದವನಾದರೆ ಪಕ್ಕದಲ್ಲಿ ಒಬ್ಬ ಕೊಂಕಣಿಯವನು. “ಧರ್ ರೇ!” “ಹಿಡ್ಯೋ!” ಎಂದು ಕೂಗುವುದು, ಕೊನೆಗೆ ನಮ್ಮವರು ‘ಧರ್’ ಎನ್ನುತ್ತಿದ್ದರು, ಅವರು ‘ಹಿಡಿ’ ಎನ್ನುತ್ತಿದ್ದರು. ಒಂದು ನೀರುಹಾವು ಬುಟ್ಟಿಯಲ್ಲಿ ಬಂದಾಗ ಮಾತ್ರ ಎಲ್ಲರ ಭಾಷೆ ಒಂದೇ ಆಯಿತು.

ಹಾಸು ತೆಳುವಾದ ಮೇಲೆ ಒಂದು ಸಂಗತಿ ಎಲ್ಲರ ಕಣ್ಣಿಗೂ ಬಿತ್ತು. ಎರಡು ಜಾಗದಲ್ಲಿ ಗಿಡ ಉಳಿದೆಲ್ಲ ಕಡೆಗಿಂತ ಎತ್ತರ, ಎಲೆ ಅಂಗೈಯಗಲ: ನಮ್ಮ ಚಾಳಿನ ಗಟಾರು ಬೀಳುವಲ್ಲಿ, ಚಹಾದಂಗಡಿಯ ಮುಸುರೆ ಬೀಳುವಲ್ಲಿ. ಗೊಬ್ಬರ ಹಾಕಿ ಬೆಳೆಸಿದ ಹಾಗೆ. ಚಾಳು ಘಾಂಟಿಗಳದು, ಅಂಗಡಿ ಊರವರದು. ಯಾರೂ ಯಾರನ್ನೂ ಅನ್ನಲಿಲ್ಲ. ಪಂಚ ಟ್ರಕ್ಕಿನಲ್ಲಿ ಚಿರೆಕಲ್ಲಿನ ಚೂರು ತರಿಸಿದ; ನಾವು ಎರಡು ದೊಡ್ಡ ಗುಂಡಿ ತೋಡಿ, ಚೂರು ತುಂಬಿ, ನೀರು ಅಲ್ಲೇ ಇಂಗುವಂತೆ ಮಾಡಿ, ಅಂಚಿಗೆ ಬಾಳೆ ನೆಟ್ಟೆವು.

ಹುಣ್ಣಿಮೆಯ ಸಂಜೆ. ಮೆಟ್ಟಿಲ ಮುಂದೆ ಈ ದಂಡೆಯಿಂದ ಆ ದಂಡೆಗೆ ನೀರು. ಊರಿನ ಹೆಂಗಸರು ಬಾಳೆಯ ದಿಂಡಿನ ತುಂಡುಗಳ ಮೇಲೆ ದೀಪ ಇಟ್ಟು ತಂದರು. ನಮ್ಮ ಚಾಳಿನವರು ಮೇಲೆ, ದೂರ ನಿಂತಿದ್ದರು. ಮಾವಶಿ ತಿರುಗಿ ನೋಡಿ ನನ್ನ ಹೆಂಡತಿಯನ್ನು ಕರೆದಳು: “ಅಗೋ ಬಾಯೇ, ಅಲ್ಲಿ ಯಾಕ ನಿಂತಿ? ನಿನ್ನ ದೀಪ ಎಲ್ಲಿ?” ಅವಳ ಬಳಿ ದೀಪ ಇರಲಿಲ್ಲ. ಮಾವಶಿ ತನ್ನದರಲ್ಲಿ ಒಂದನ್ನು ಕೊಟ್ಟಳು. ನನ್ನ ಹೆಂಡತಿ ನೀರಿನಂಚಿನ ಮೆಟ್ಟಿಲಿಗೆ ಇಳಿದು, ಬಗ್ಗಿ, ಅದನ್ನು ನೀರಿಗೆ ಬಿಟ್ಟು ಮೆಲ್ಲಗೆ ದೂಡಿದಳು. ಸುಕತಿ ಸುರುವಾಗಿತ್ತು, ದೀಪ ಕೆಳಗೆ ಹೊರಟಿತು.

ಪಂಚ ನನ್ನ ಪಕ್ಕದಲ್ಲಿ ನಿಂತಿದ್ದ. ನನ್ನ ಮೀಸೆಯನ್ನು ತೋರಿಸಿ, “ರಾವೊಂದಿ” ಎಂದ. ಇರಲಿ ಎಂದರ್ಥ. ಚಹಾದಂಗಡಿಯ ಗೋಡೆಗೆ ಒರಗಿದ್ದ ತಂತಿಯ ಸುರುಳಿಯನ್ನು ಮರುದಿನ ನಾವಿಬ್ಬರೂ ಸೇರಿ ಬಿಚ್ಚಿದೆವು. ಮಾವಶಿಯ ತೆಂಗಿನ ಬುಡದ ಕಸದ ರಾಶಿಗೆ ಆಡುಗಳು ಬರುತ್ತಿದ್ದವು. ಅದರ ಸುತ್ತ ಹಾಕಿದೆವು. ನಾನು ಮನೆಗೆ ಬಂದಾಗ ಬಾಗಿಲ ಬಳಿ ಕಾಲಿಗೆ ಏನೂ ತಾಗಲಿಲ್ಲ. ಟ್ರಂಕು ಮಂಚದ ಕೆಳಗೆ ಹೋಗಿತ್ತು.

ಆ ಕಸ ಕೊಳೆತು ಕಪ್ಪು ಗೊಬ್ಬರವಾಯಿತು. ನಮ್ಮೂರ ತಿಪ್ಪೆಯ ಲೆಕ್ಕದಲ್ಲಿ ನನ್ನ ಹೆಂಡತಿ ಅದಕ್ಕೆ ಸಗಣಿ, ಬೂದಿ ಬೆರೆಸಿದ್ದಳು. ಗದ್ದೆಯ ಅಂಚಿನಲ್ಲಿ ಮಾವಶಿ ಅವಳಿಗೆ ಸ್ವಲ್ಪ ಜಾಗ ಬಿಟ್ಟುಕೊಟ್ಟಳು. ಮುಳ್ಳುಗಾಯಿ ಬದನೆ ಅಲ್ಲಿ ಬಂದ ಹಾಗೆ ವಿಜಾಪುರದಲ್ಲೂ ಬಂದದ್ದನ್ನು ನಾನು ಕಂಡಿಲ್ಲ.

ಅಂತರಗಂಗೆ ಸತ್ತಿತೆಂದು ನಾನು ಹೇಳುವುದಿಲ್ಲ. ಪ್ರತಿ ಮಳೆಗಾಲದ ನಂತರ ಎಲ್ಲಿಂದಲೋ ನಾಲ್ಕು ಗಿಡ ಬರುತ್ತವೆ. ಆದರೆ ಪ್ರತಿ ವರ್ಷ ಪಾಡ್ಯದಿಂದ ಹುಣ್ಣಿಮೆಯವರೆಗೆ ಮೊದಲು ಭತ್ತ, ಆಮೇಲೆ ಹೊಳೆ, ಮುಯ್ಯಿ ನಿಂತಿಲ್ಲ. ಗಣಿಯ ಕೆಂಪು ರಾಡಿ ಮಾತ್ರ ಹಾಗೇ ಇದೆ. ಅದಕ್ಕೆ ಟ್ಯೂಬು ಕಟ್ಟಲು ಬರುವುದಿಲ್ಲ. ಪಂಚ ಅದರ ಬಗ್ಗೆ ಮೇಲಿನವರಿಗೆ ಹೇಳುತ್ತಲೇ ಇದ್ದಾನೆ. ಈಗ ಹೇಳುವಾಗ ‘ನಮ್ಮ ಹೊಳೆ’ ಎನ್ನುತ್ತಾನೆ, ಮತ್ತು ಆ ‘ನಮ್ಮ’ದಲ್ಲಿ ಚಾಳೂ ಇದೆ. ಮೊನ್ನೆಯ ಮಳೆಯಲ್ಲಿ ಕೂಡ ಮೆಟ್ಟಿಲ ನೀರು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ತಿಳಿಯಾಗಲು ದಿನಗಳು ಹಿಡಿದವು. ತಿಳಿಯಾದ ದಿನ ಹೆಂಗಸರು ಬಟ್ಟೆ ಗಂಟು ಹೊತ್ತು ಇಳಿದರು, ನನ್ನ ಅಂಗಡಿಯವರೆಗೆ ನಗೆ ಕೇಳಿಬಂತು.

ಇದು ೨೦೧೧. ಈಗ ನನ್ನದೆಂದು ಇರುವುದು: ಒಂದು ಟೈರಿನ ಅಂಗಡಿ, ಒಂದು ಕಂಪ್ರೆಸರ್, ಮೂರು ಜಾಕ್, ಎರಡು ಖೋಲಿ, ಇಬ್ಬರು ಮಕ್ಕಳು, ನಾಲ್ಕು ಮಡಿ ಬದನೆ, ಗೋವಾ ಬಿಡುವ ಮಾತೆತ್ತದ ಹೆಂಡತಿ ಒಬ್ಬಳು, ಹೊಳೆಗೆ ಇಳಿಯಲು ಹನ್ನೊಂದು ಮೆಟ್ಟಿಲು. ಭರತಿ ಇದ್ದಾಗ ಏಳು.